ಟೆಸ್ಟ್‌ಗೂ ಸಿಗದ ಸ್ಟೀರಾಯ್ಡ್: ಬೇಸ್‌ಬಾಲ್‌ನ ಗುಟ್ಟು ಒಂದು ಸಿರಿಂಜ್‌ನಿಂದ ಹೊರಬಿದ್ದದ್ದು ಹೇಗೆ?

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅಷ್ಟೊಂದು ಆಟಗಾರರು ಸ್ಟೀರಾಯ್ಡ್ ತೆಗೆದುಕೊಂಡರಲ್ಲ, ಟೆಸ್ಟ್ ಮಾಡಿದ್ದರೆ ಸಿಕ್ಕಿಬೀಳುತ್ತಿರಲಿಲ್ವಾ? ಒಳ್ಳೇ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದರೆ ಒಂದು ಬಳಸಿದ ಸಿರಿಂಜ್‌ಗೆ ಬಂದು ನಿಂತೆ.

ಮೊದಲು ಹಿನ್ನೆಲೆ, ಬೇಗ ಹೇಳಿಬಿಡುತ್ತೇನೆ. ಹೋಂ ರನ್ ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. ಒಂದೇ ಸೀಸನ್‌ನಲ್ಲಿ 61 ಹೋಂ ರನ್, ಇದು 1961ರಲ್ಲಿ ರೋಜರ್ ಮಾರಿಸ್ ಮಾಡಿದ ದಾಖಲೆ. 37 ವರ್ಷ ಯಾರೂ ಮುರಿಯಲಿಲ್ಲ. 1998ರಲ್ಲಿ ಮಾರ್ಕ್ ಮ್ಯಾಗ್ವೈರ್ 70 ಹೊಡೆದರು, ಸ್ಯಾಮಿ ಸೋಸಾ 66. 2001ರಲ್ಲಿ ಬ್ಯಾರಿ ಬಾಂಡ್ಸ್ 73.

ಆಗ ಮೇಜರ್ ಲೀಗ್‌ನಲ್ಲಿ, ಅಂದರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ, ಸ್ಟೀರಾಯ್ಡ್ ಟೆಸ್ಟೇ ಇರಲಿಲ್ಲ. ಅಂದರೆ ಅರ್ಧ ಉತ್ತರ ಇಷ್ಟೇ, ಯಾರೂ ಹುಡುಕಲಿಲ್ಲ. 1998ರಲ್ಲಿ ಒಬ್ಬ ವರದಿಗಾರ ಮ್ಯಾಗ್ವೈರ್ ಲಾಕರ್‌ನಲ್ಲಿ ಆಂಡ್ರೊ ಅನ್ನೋ ಮಾತ್ರೆಯ ಬಾಟಲಿ ನೋಡಿ ಬರೆದರು. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ನಿಷೇಧ ಇತ್ತು, ಬೇಸ್‌ಬಾಲ್‌ನಲ್ಲಿ ಇರಲಿಲ್ಲ, ಅಂಗಡಿಯಲ್ಲೇ ಸಿಗುತ್ತಿತ್ತು. ಕೊನೆಗೆ ಬೈಸಿಕೊಂಡದ್ದು ಆ ವರದಿಗಾರ! 1994ರ ಆಟಗಾರರ ಮುಷ್ಕರದಿಂದ ದೂರವಾಗಿದ್ದ ಜನ ಹೋಂ ರನ್ ನೋಡಲು ವಾಪಸ್ ಬರುತ್ತಿದ್ದರು, ಆ ಖುಷಿ ಹಾಳಾಗುವುದು ಯಾರಿಗೂ ಬೇಕಿರಲಿಲ್ಲ.

ಈಗ ಇನ್ನರ್ಧ. ಕ್ಯಾಲಿಫೋರ್ನಿಯಾದಲ್ಲಿ ವಿಕ್ಟರ್ ಕಾಂಟೆ ಅವರ ಬಾಲ್ಕೊ ಅನ್ನೋ ಕಂಪನಿಯಿಂದ ಆಟಗಾರರಿಗೆ ಎರಡು ವಸ್ತು ಹೋಗುತ್ತಿದ್ದವು. ಒಂದರ ಅಡ್ಡಹೆಸರು ಕ್ರೀಮ್, ಇನ್ನೊಂದರದ್ದು ಕ್ಲಿಯರ್.

ಕ್ರೀಮ್‌ನ ಉಪಾಯ ನೋಡಿ. ಸ್ನಾಯು ಬೆಳೆಸುವ ಟೆಸ್ಟೊಸ್ಟೆರಾನ್ ಅನ್ನೋ ಹಾರ್ಮೋನ್ ಎಲ್ಲರ ಮೈಯಲ್ಲೂ ಇರುತ್ತದೆ. ಹೊರಗಿನಿಂದ ಬಂದದ್ದು ಯಾವುದು ಅಂತ ಗೊತ್ತಾಗುವುದು ಹೇಗೆ? ಮೂತ್ರದಲ್ಲಿ ಎಪಿಟೆಸ್ಟೊಸ್ಟೆರಾನ್ ಅಂತ ಅದರ ಜೋಡಿಯೊಂದು ಇರುತ್ತದೆ, ಸಾಮಾನ್ಯವಾಗಿ ಎರಡೂ ಹೆಚ್ಚುಕಡಿಮೆ ಸಮ. ಆಗಿನ ನಿಯಮದಲ್ಲಿ ಮೊದಲನೆಯದು ಎರಡನೆಯದರ 6 ಪಟ್ಟು ದಾಟಿದರೆ ಅನುಮಾನ. ಕ್ರೀಮ್‌ನಲ್ಲಿ ಎರಡನ್ನೂ ಬೆರೆಸಿದ್ದರು. ಸ್ನಾಯುವಿಗೆ ಎಪಿಟೆಸ್ಟೊಸ್ಟೆರಾನ್‌ನಿಂದ ಏನೂ ಉಪಯೋಗ ಇಲ್ಲ. ಅದು ಇದ್ದದ್ದು ಲೆಕ್ಕ ಸರಿದೂಗಿಸಲು ಮಾತ್ರ.

ಡೇರಿಗೆ ಹಾಲು ಹಾಕುವ ಊರಿನವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಕೆಳಗೆ ಇಳಿಯುತ್ತದೆ, ಸಿಕ್ಕಿಬೀಳುತ್ತಾರೆ. ಅದಕ್ಕೆ ಸ್ವಲ್ಪ ಸಕ್ಕರೆಯನ್ನೂ ಹಾಕುತ್ತಾರೆ. ಈಗ ಲ್ಯಾಕ್ಟೋಮೀಟರ್ ಮತ್ತೆ ಮೇಲೆದ್ದು ಸರಿಯಾದ ಗೆರೆಗೇ ನಿಲ್ಲುತ್ತದೆ. ಅದೇನೂ ಕೆಟ್ಟಿಲ್ಲ. ಅದು ಅಳೆಯುವುದು ಸಾಂದ್ರತೆಯನ್ನು, ಸಾಂದ್ರತೆ ಸರಿಯಾಗಿಯೇ ಇದೆ. ನೀರಿದೆಯಾ ಅಂತ ಅದನ್ನು ಯಾರೂ ಕೇಳಿಯೇ ಇಲ್ಲ, ಅಲ್ವಾ? ಕ್ರೀಮ್ ಮಾಡಿದ್ದೂ ಇದನ್ನೇ.

ಕ್ಲಿಯರ್ ಇನ್ನೂ ಒಂದು ಹೆಜ್ಜೆ ಮುಂದೆ. ಗೆಸ್ಟ್ರಿನೋನ್ ಅನ್ನೋ ಔಷಧಿಗೆ ನಾಲ್ಕು ಹೈಡ್ರೋಜನ್ ಪರಮಾಣು ಸೇರಿಸಿ ಮಾಡಿದ ಹೊಸ ಸ್ಟೀರಾಯ್ಡ್ ಅದು, ಹೆಸರು ಟಿಎಚ್‌ಜಿ. ಯಾವ ಲ್ಯಾಬ್‌ನ ಪಟ್ಟಿಯಲ್ಲೂ ಇಲ್ಲ. ಅದರ ಮೇಲೆ, ಮಾಮೂಲಿ ವಿಧಾನದಲ್ಲಿ ಟೆಸ್ಟ್‌ಗೆ ಸಿದ್ಧ ಮಾಡುವಾಗಲೇ ಅದು ಒಡೆದುಹೋಗುತ್ತಿತ್ತು. ಇದನ್ನು ತಯಾರಿಸಿದ ರಸಾಯನಶಾಸ್ತ್ರಜ್ಞ ಪ್ಯಾಟ್ರಿಕ್ ಆರ್ನಾಲ್ಡ್. ಆಂಡ್ರೊವನ್ನು ಅಮೆರಿಕದ ಮಾರುಕಟ್ಟೆಗೆ ತಂದದ್ದೂ ಇವರೇ! ಮ್ಯಾಗ್ವೈರ್ ಲಾಕರ್‌ನ ಬಾಟಲಿ, ಬಾಲ್ಕೊದ ಕ್ಲಿಯರ್, ಎರಡರ ಹಿಂದೆಯೂ ಒಬ್ಬನೇ ಮನುಷ್ಯ. ಇದು ಗೊತ್ತಾದಾಗ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಹಾಗಾದರೆ ಸಿಕ್ಕಿದ್ದು ಹೇಗೆ? 2003ರ ಜೂನ್‌ನಲ್ಲಿ ಟ್ರೆವರ್ ಗ್ರಹಾಂ ಅನ್ನೋ ಓಟದ ಕೋಚ್, ಮೊದಲು ಹೆಸರು ಹೇಳದೆ, ಬಳಸಿದ ಸಿರಿಂಜ್ ಒಂದನ್ನು ಅಮೆರಿಕದ ಡೋಪಿಂಗ್ ವಿರೋಧಿ ಸಂಸ್ಥೆಗೆ ತಲುಪಿಸಿದರು. ಲಾಸ್ ಏಂಜಲೀಸ್‌ನ ಡೋಪಿಂಗ್ ಟೆಸ್ಟ್ ಲ್ಯಾಬ್‌ನ ಡಾನ್ ಕ್ಯಾಟ್ಲಿನ್ ತಂಡ ಅದರ ತಳದಲ್ಲಿ ಉಳಿದಿದ್ದ ಹನಿಯಿಂದ ಟಿಎಚ್‌ಜಿ ಏನೆಂದು ಗುರುತಿಸಿ, ಅದಕ್ಕೊಂದು ಟೆಸ್ಟ್ ಕಟ್ಟಿತು. ಸೆಪ್ಟೆಂಬರ್‌ನಲ್ಲಿ ಬಾಲ್ಕೊ ಮೇಲೆ ದಾಳಿ ಆಯಿತು. ಯಾರೋ ಒಬ್ಬರು ಆ ಸಿರಿಂಜ್ ಕೊಟ್ಟದ್ದಕ್ಕೆ ಗೊತ್ತಾಯಿತು, ಯಂತ್ರ ತಾನಾಗಿ ಹಿಡಿಯಲಿಲ್ಲ.

ಟೈಮ್ ಜಾಸ್ತಿ ಆಯಿತು, ಉಳಿದದ್ದು ಒಟ್ಟಿಗೆ. 2003ರಲ್ಲಿ ಹೆಸರಿಲ್ಲದೆ ನಡೆಸಿದ ಟೆಸ್ಟ್‌ನಲ್ಲಿ 5%ಕ್ಕಿಂತ ಜಾಸ್ತಿ ಪಾಸಿಟಿವ್ ಬಂದವು, ಮುಂದಿನ ವರ್ಷದಿಂದ ಶಿಕ್ಷೆ ಇರುವ ಟೆಸ್ಟ್ ಬಂತು. ಬೇಸ್‌ಬಾಲ್‌ನ ಡೋಪಿಂಗ್ ಬಗ್ಗೆ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ತನಿಖೆ ಮಾಡಿ ಕೊಟ್ಟ 2007ರ ವರದಿಯಲ್ಲಿ 89 ಆಟಗಾರರ ಹೆಸರು. ಮ್ಯಾಗ್ವೈರ್ 2010ರಲ್ಲಿ ಒಪ್ಪಿಕೊಂಡರು. ಬಾಲ್ಕೊ ತನಿಖೆಯಲ್ಲಿ ಬಾಂಡ್ಸ್ ಹೆಸರೂ ಬಂತು, ತಾನು ತೆಗೆದುಕೊಂಡದ್ದು ಸ್ಟೀರಾಯ್ಡ್ ಅಂತ ಗೊತ್ತಿರಲಿಲ್ಲ ಅಂದರು ಅವರು. ಅವರ 73ರ ದಾಖಲೆ ಪುಸ್ತಕದಲ್ಲಿ ಹಾಗೇ ಇದೆ, ದೊಡ್ಡ ಆಟಗಾರರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವ ಮಾತ್ರ ಸಿಕ್ಕಿಲ್ಲ. ಈಗ ಮೊದಲ ಸಲ ಸಿಕ್ಕರೆ 80 ಪಂದ್ಯ ಹೊರಗೆ, ಎರಡನೇ ಸಲ 162, ಅಂದರೆ ಪೂರ್ತಿ ಸೀಸನ್, ಮೂರನೇ ಸಲ ಆಜೀವ ನಿಷೇಧ.

ನನಗೆ ನೋವಾಗುವುದು ಏನೂ ತೆಗೆದುಕೊಳ್ಳದೆ ಆಡಿ, ತಂಡದಲ್ಲಿ ಜಾಗ ಸಿಗದೆ ಮನೆಗೆ ಹೋದವರನ್ನು ನೆನೆದಾಗ. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ.

ಅಂದಹಾಗೆ, ಕ್ರೀಮ್‌ನ ಉಪಾಯಕ್ಕೂ ಉತ್ತರ ಇದೆ. ಕಾರ್ಖಾನೆಯ ಟೆಸ್ಟೊಸ್ಟೆರಾನ್ ಶುರುವಾಗುವುದು ಸೋಯಾದಂಥ ಗಿಡಗಳಿಂದ. ಅದರಲ್ಲಿ ಕಾರ್ಬನ್-13, ಅಂದರೆ ಸ್ವಲ್ಪ ಭಾರದ ಕಾರ್ಬನ್, ನಮ್ಮ ಮೈ ತಯಾರಿಸುವುದರಲ್ಲಿ ಇರುವುದಕ್ಕಿಂತ ಸ್ವಲ್ಪ ಕಡಿಮೆ. ಈಗ ಲ್ಯಾಬ್‌ಗಳು ಅದನ್ನೂ ಅಳೆಯುತ್ತವೆ.