ಮೈಯಳತೆಯ ಸೈಕಲ್ಲು, ಮಲೆನಾಡಿನ ದಾರಿ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ದರ್ಜಿಯ ಮುಂದೆ ನಿಂತು ಅಳತೆ ಕೊಟ್ಟು ಅಂಗಿ ಹೊಲಿಸಿಕೊಳ್ಳುವ ಹಾಗೆ ಸೈಕಲ್ಲಿನ ಚೌಕಟ್ಟನ್ನೂ ನಮ್ಮ ಮೈಯಳತೆಗೆ ಕಟ್ಟಿಸಿಕೊಳ್ಳಬಹುದು ಎಂದರೆ ಇವತ್ತಿಗೂ ಹಲವರು ನಗುತ್ತಾರೆ. ನಮ್ಮ ಮನೆಯಲ್ಲೂ ನಕ್ಕರು. ಅಂಥ ಎರಡು ಸೈಕಲ್ಲುಗಳು ಏಳು ವರ್ಷಗಳಿಂದ ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಒಂದಕ್ಕೊಂದು ಒರಗಿಕೊಂಡಿವೆ. ಒಂದು, ಹೊರೆ ಹೊತ್ತು ದೂರ ಹೋಗುವ ಟೂರಿಂಗ್ ಸೈಕಲ್ಲು. ಇನ್ನೊಂದು, ಕೆಸರಿನಲ್ಲಿ ತುಳಿಯುವುದಕ್ಕೂ ಬೇಕಾದಾಗ ಹೆಗಲ ಮೇಲೆ ಹೊರುವುದಕ್ಕೂ ಒಗ್ಗುವ ಸೈಕ್ಲೋಕ್ರಾಸ್. ಅವುಗಳ ಆಕಾರವನ್ನು ನನ್ನ ಗಿಡ್ಡ ಕಾಲುಗಳ ಜೊತೆಗೆ ನಮ್ಮ ಸೀಮೆಯ ಮಳೆ, ಮಣ್ಣು, ಘಾಟಿಗಳು ಹೇಗೆ ತೀರ್ಮಾನಿಸಿದವು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಮೊದಲು ಬಿದ್ದ ಕಥೆ. ನಾನು 162 ಸೆಂಟಿಮೀಟರ್ ಎತ್ತರದ ಮನುಷ್ಯ. ನಿವೃತ್ತಿಯ ಹಣ ಕೈಗೆ ಬಂದ ವರ್ಷ ದೊಡ್ಡ ಊರಿನ ಅಂಗಡಿಯೊಂದರಲ್ಲಿ ಗಿಯರಿನ ಸೈಕಲ್ಲು ಕೊಂಡೆ. ಇದ್ದುದರಲ್ಲಿ ಇದೇ ಚಿಕ್ಕ ಅಳತೆ ಎಂದು ಅಂಗಡಿಯವರು ಹೇಳಿದರು, ನಾನು ನಂಬಿದೆ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಯವರೆಗೆ ಅದು ಚೆನ್ನಾಗಿಯೇ ಓಡಿತು. ಮರುದಿನ ಆಗುಂಬೆ ಘಾಟಿ ಇಳಿದು, ಸೋಮೇಶ್ವರದಲ್ಲಿ ಕಾಫಿ ಕುಡಿದು, ಮತ್ತೆ ಮೇಲಕ್ಕೆ ಹೊರಟಾಗ ಅದರ ಬಣ್ಣ ಬಯಲಾಯಿತು. ಆ ಘಾಟಿಗೆ 14 ಹಿಮ್ಮುರಿ ತಿರುವುಗಳಿವೆ. ನಡೆಯುವವರ ವೇಗದಲ್ಲಿ ಏರುತ್ತ ಒಂದು ತಿರುವಿನಲ್ಲಿ ಹ್ಯಾಂಡಲ್ಲನ್ನು ಹೊರಳಿಸಿದಾಗ, ಪೆಡಲ್ಲಿನ ಮೇಲಿದ್ದ ಕಾಲಿನ ತುದಿ ಮುಂದಿನ ಮಡ್‌ಗಾರ್ಡಿಗೆ ತಗುಲಿ ಸೈಕಲ್ಲು ಅಲ್ಲೇ ನಿಂತುಬಿಟ್ಟಿತು. ನಾನು ಚರಂಡಿಯ ಕಡೆಗೆ ಉರುಳಿದೆ. ಹಿಂದೆ ಬರುತ್ತಿದ್ದ ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿ, ‘ಯಜಮಾನ್ರೇ, ಸೈಕಲ್ಲು ಮೇಲೆ ಹಾಕಿ, ನೀವು ಒಳಗೆ ಬನ್ನಿ’ ಎಂದರು. ಬೇಡವೆನ್ನುವ ಸ್ಥಿತಿಯಲ್ಲಿ ನನ್ನ ಮೊಣಕಾಲು ಇರಲಿಲ್ಲ.

ಕಾರಣ ತಿಳಿಯಲು ಕೆಲವು ತಿಂಗಳು ಬೇಕಾಯಿತು. ಕಾರ್ಖಾನೆಗಳು ಚಿಕ್ಕ ಅಳತೆಯ ಸೈಕಲ್ಲು ಮಾಡುವಾಗ ಹೆಚ್ಚಾಗಿ ಚೌಕಟ್ಟನ್ನು ಮಾತ್ರ ಕುಗ್ಗಿಸಿ, ಎತ್ತರದ ಆಳುಗಳಿಗೆ ಹಾಕುವ 622 ಮಿಲಿಮೀಟರ್ ರಿಮ್ಮಿನ ಚಕ್ರಗಳನ್ನೇ ಉಳಿಸಿಕೊಳ್ಳುತ್ತವೆ. ಚೌಕಟ್ಟು ಗಿಡ್ಡವಾದಷ್ಟೂ ಮುಂದಿನ ಚಕ್ರ ಪೆಡಲ್ಲಿನ ಸಮೀಪಕ್ಕೆ ಬರುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ವೇಗವಾಗಿ ಹೋಗುವಾಗ ಹ್ಯಾಂಡಲ್ಲು ತಿರುಗುವುದು ತೀರಾ ಅಲ್ಪ. ಬಿಗಿಯಾದ ತಿರುವಿನಲ್ಲಿ ನಿಧಾನವಾಗಿ ಏರುವವನ ಕಾಲಿಗೂ ಚಕ್ರಕ್ಕೂ ಮಾತ್ರ ಜಗಳ.

ಬೆಂಗಳೂರಿನ ಹೊರವಲಯದ ಶೆಡ್ಡಿನಲ್ಲಿ ಒಬ್ಬರೇ ಕುಳಿತು ಚೌಕಟ್ಟು ಕಟ್ಟುವ ಕುಶಲಿಗರ ವಿಷಯ ಸ್ನೇಹಿತರಿಂದ ತಿಳಿದು ಅವರಲ್ಲಿಗೆ ಹೋದೆ. ಅವರು ಬೆಲೆ ಹೇಳಲಿಲ್ಲ, ಪ್ರಶ್ನೆ ಕೇಳಿದರು. ತೊಡೆಯ ಸಂದಿನಿಂದ ನೆಲಕ್ಕೆ ಎಷ್ಟು, ಭುಜದಿಂದ ಮಣಿಕಟ್ಟಿಗೆ ಎಷ್ಟು, ಬಹಳ ಹೊತ್ತು ಬಗ್ಗಿ ಕೂತರೆ ಸೊಂಟ ಹಿಡಿಯುತ್ತದೆಯೇ, ಎಷ್ಟು ಕಿಲೋ ಸಾಮಾನು ಹೇರುತ್ತೀರಿ. ಕೊನೆಗೆ, ‘ಮಳೆಗಾಲದಲ್ಲೂ ತುಳಿಯುತ್ತೀರಾ ಸಾರ್?’ ಎಂದರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇದು ವಿಚಿತ್ರವಾಗಿ ಕೇಳಿಸಿತು. ಆರಿದ್ರೆಯಿಂದ ಮಖೆಯವರೆಗೆ ಒಳಗೇ ಕೂರುವುದಾದರೆ ಸೈಕಲ್ಲಾದರೂ ಯಾಕೆ ಎಂದೆ. ಅವರು ಕಾಗದದಲ್ಲಿ ಏನನ್ನೋ ಹೊಡೆದುಹಾಕಿ ಬೇರೇನನ್ನೋ ಬರೆದುಕೊಂಡರು. ಹೊಡೆದುಹಾಕಿದ್ದು ರಿಮ್ಮು ಹಿಡಿಯುವ ಬ್ರೇಕು, ಬರೆದುಕೊಂಡದ್ದು ಡಿಸ್ಕ್ ಬ್ರೇಕು. ನಮ್ಮ ಜಂಬಿಟ್ಟಿಗೆ ಮಣ್ಣಿನ ಹರಳು ಮಳೆನೀರಿನೊಂದಿಗೆ ರಿಮ್ಮಿಗೂ ರಬ್ಬರಿಗೂ ನಡುವೆ ಸೇರಿ ಸಾಣೆ ಹಿಡಿಯುತ್ತದೆ, ಕೆಲವೇ ಮಳೆಗಾಲಗಳಲ್ಲಿ ರಿಮ್ಮಿನ ಗೋಡೆ ಸವೆದು ತೆಳ್ಳಗಾಗುತ್ತದೆ. ಡಿಸ್ಕಾದರೆ ಚಕ್ರದ ನಡುವೆ, ಹಬ್ಬಿನ ಪಕ್ಕದಲ್ಲಿ, ಕೆಸರಿಗಿಂತ ಒಂದು ಗೇಣು ಮೇಲೆ ಇರುತ್ತದೆ. ಒದ್ದೆಯಾದರೂ ಹಿಡಿತ ಬಿಡುವುದಿಲ್ಲ.

ಉಕ್ಕಿನ ವಿಷಯವನ್ನು ಭದ್ರಾವತಿಯಿಂದ ಹೇಳುವುದೆಂದರೆ ಕಮ್ಮಾರರ ಬೀದಿಯಲ್ಲಿ ಸೂಜಿ ಮಾರಿದ ಹಾಗೆ; 1923ರಲ್ಲೇ ಕಬ್ಬಿಣದ ಕುಲುಮೆ ಹೊತ್ತಿಸಿದ ಊರು ಇದು. ಆದರೂ ಒಂದು ಸಂಗತಿ ಹೇಳಬೇಕು. ಒಳ್ಳೆಯ ಸೈಕಲ್ಲಿನ ಕೊಳವೆ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಬೆಸುಗೆ ಬೀಳುವ ಎರಡು ತುದಿಗಳಲ್ಲಿ ಗೋಡೆ 0.9 ಮಿಲಿಮೀಟರ್ ಇದ್ದರೆ ನಡುಭಾಗದಲ್ಲಿ 0.6ಕ್ಕೆ ಇಳಿದಿರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗದು. ಇಂಥ ಕೊಳವೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಮನೆತನದವರು 1897ರಲ್ಲೇ ಪೇಟೆಂಟ್ ಪಡೆದಿದ್ದರು. 1935ರಲ್ಲಿ ಅವರ ಸಂಸ್ಥೆ ಹೊರತಂದ 531 ಎಂಬ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ ಕೊಳವೆ ಹಲವು ದಶಕಗಳ ಕಾಲ ಟೂರಿಂಗ್ ಸೈಕಲ್ಲಿನವರ ಮೆಚ್ಚಿನದಾಗಿತ್ತು. ನನ್ನವು ಕ್ರೋಮಿಯಂ-ಮಾಲಿಬ್ಡಿನಮ್ ಉಕ್ಕಿನವು. ಬೆಸುಗೆ ಹಾಕುವ ದಿನ ನೋಡಲು ಹೋಗಿದ್ದೆ. ಅಲ್ಲಿ ಉಕ್ಕನ್ನು ಕರಗಿಸುವುದಿಲ್ಲ. ಕೊಳವೆಗಳ ಸಂದನ್ನು ಕಾಯಿಸಿ, ಸುಮಾರು 900 ಡಿಗ್ರಿಯಲ್ಲಿ ಕರಗುವ ಹಿತ್ತಾಳೆಯನ್ನು ಅದರೊಳಕ್ಕೆ ಹರಿಸುತ್ತಾರೆ. ಬೆಳ್ಳಿ ಬೆರೆತ ಬೆಸುಗೆಯಾದರೆ 650ರ ಆಸುಪಾಸಿನ ಶಾಖ ಸಾಕು. ಹೆಚ್ಚು ಕಾಯಿಸಿದರೆ ತೆಳುಗೋಡೆಯ ಕೊಳವೆ ಬಲ ಕಳೆದುಕೊಳ್ಳುತ್ತದೆ. ಆತ ಕೆಂಪಿನ ಬಣ್ಣ ನೋಡಿಯೇ ಜ್ವಾಲೆಯನ್ನು ಹಿಂದೆಗೆಯುತ್ತಿದ್ದ ರೀತಿ, ಆಲೆಮನೆಯಲ್ಲಿ ಬೆಲ್ಲದ ಹದ ನೋಡಿ ಕೊಪ್ಪರಿಗೆ ಇಳಿಸುವವರನ್ನು ನೆನಪಿಸಿತು.

ಟೂರಿಂಗ್ ಸೈಕಲ್ಲಿಗೆ ಅವರು 584 ಮಿಲಿಮೀಟರಿನ ಚಿಕ್ಕ ರಿಮ್ಮು ಆರಿಸಿದರು. ಕಾಲಿಗೂ ಮಡ್‌ಗಾರ್ಡಿಗೂ ನಡುವೆ ಈಗ ಎರಡು ಬೆರಳು ಜಾಗವಿದೆ. ಅಂಗಡಿಗಳಲ್ಲಿ 27.5 ಇಂಚು ಎಂದು ಮಾರುವ ಗುಡ್ಡಗಾಡು ಸೈಕಲ್ಲಿನ ಟೈರೂ ಇದೇ ರಿಮ್ಮಿನದಾದ್ದರಿಂದ, ಅವಸರಕ್ಕೆ ಶಿವಮೊಗ್ಗದಲ್ಲೋ ಸಾಗರದಲ್ಲೋ ಟೈರು ಸಿಗುತ್ತದೆ. ಪೆಡಲ್ಲಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ದೂರವನ್ನು 455 ಮಿಲಿಮೀಟರಿಗೆ ಎಳೆದಿದ್ದಾರೆ. ಅಷ್ಟು ಉದ್ದವಿಲ್ಲದಿದ್ದರೆ ಪ್ರತಿ ಸುತ್ತಿಗೂ ಹಿಮ್ಮಡಿ ಕ್ಯಾರಿಯರಿನ ಚೀಲಕ್ಕೆ ಹೊಡೆಯುತ್ತದೆ. ಹಿಂದಿನ ಚಕ್ರಕ್ಕೆ 36 ಕಡ್ಡಿಗಳು. ಇವೆಲ್ಲ ಮುಖ್ಯವೇ, ಆದರೆ ನನ್ನ ಮಟ್ಟಿಗೆ ಇಡೀ ಸೈಕಲ್ಲಿನ ಜೀವ ಇರುವುದು ಅತಿ ಸಣ್ಣ ಗಿಯರಿನಲ್ಲಿ. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವು ಬಾಲ್ಯದಲ್ಲಿ ಬಾಡಿಗೆಗೆ ತಂದು ಒಳಪೆಡಲ್ ತುಳಿದ ಕಪ್ಪು ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಎಂದು ಇಟ್ಟುಕೊಳ್ಳೋಣ. ಪೆಡಲ್ಲು ಒಂದು ಸುತ್ತು ಬಂದರೆ ಆ ಸೈಕಲ್ಲು ಹತ್ತಿರ ಹತ್ತಿರ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿನಲ್ಲಿ ಅದು ಸುಖ, ಘಾಟಿಯಲ್ಲಿ ಶಿಕ್ಷೆ. ನನ್ನ ಟೂರಿಂಗ್ ಸೈಕಲ್ಲಿನಲ್ಲಿ ಮುಂದೆ ಮೂರು ಹಲ್ಲುಚಕ್ರಗಳಿವೆ, ಅವುಗಳಲ್ಲಿ ಚಿಕ್ಕದಕ್ಕೆ 26 ಹಲ್ಲು. ಹಿಂದಿನವುಗಳಲ್ಲಿ ದೊಡ್ಡದಕ್ಕೆ 34. ಆ ಜೋಡಿಯಲ್ಲಿ ಪೆಡಲ್ಲಿನ ಒಂದು ಸುತ್ತಿಗೆ ಸೈಕಲ್ಲು ಸಾಗುವುದು ಬರಿಯ 1.6 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗ, ಎಂದರೆ ಚುರುಕಾಗಿ ನಡೆಯುವವರ ವೇಗ. ಇಷ್ಟೇನಾ ಎಂದು ಕೇಳುವವರಿದ್ದಾರೆ. 15 ಕಿಲೋ ಸಾಮಾನು ಹೇರಿಕೊಂಡು, ಮೊಣಕಾಲಿಗೆ ಅಪಚಾರವಾಗದಂತೆ, ಹೊಸಂಗಡಿಯಿಂದ ಬಾಳೆಬರೆ ಘಾಟಿಯನ್ನು ಸೈಕಲ್ಲಿನಿಂದ ಇಳಿಯದೆ ಹತ್ತಿದವನಿಗೆ ಇಷ್ಟು ಸಾಕು.

ಮುಂಬಯಿಯ ಪಾರ್ಸಿ ತರುಣರಾದ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ 1923ರಲ್ಲಿ ಹೊರಟು 1928ರಲ್ಲಿ ಮರಳುವಷ್ಟರಲ್ಲಿ ಸೈಕಲ್ಲಿನಲ್ಲೇ ಭೂಮಿ ಸುತ್ತಿದ್ದರು, ಅವರಿಗೆ ಈ ಹಲ್ಲುಲೆಕ್ಕವೆಲ್ಲ ಎಲ್ಲಿತ್ತು ಎಂದು ಗೆಳೆಯರೊಬ್ಬರು ನನ್ನನ್ನು ಕೆಣಕುವುದುಂಟು. ಒಪ್ಪುತ್ತೇನೆ. ಅವರಿಗೆ ಇಪ್ಪತ್ತರ ಮೊಣಕಾಲುಗಳಿದ್ದವು.

ಇನ್ನು ಸೈಕ್ಲೋಕ್ರಾಸ್. ಇದು ಯುರೋಪಿನ ಚಳಿಗಾಲದ ಸ್ಪರ್ಧೆ. 1902ರಲ್ಲಿ ಫ್ರಾನ್ಸಿನ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ಏರ್ಪಡಿಸಿದ ಕೀರ್ತಿ ಡೇನಿಯಲ್ ಗೂಸೋ ಎಂಬ ಸೈನಿಕನದು; ಮೊದಲ ವಿಶ್ವ ಸ್ಪರ್ಧೆ 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು; ಇಂದು ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಸೀಮೆಯವರಿಗೆ ಅದು ಜಾತ್ರೆಯಿದ್ದಂತೆ. ಸುಮಾರು ಮೂರು ಕಿಲೋಮೀಟರಿನ ಸುತ್ತು, ಅದರಲ್ಲಿ ಕೆಸರು, ಮರಳು, ಜಾರುವ ದಿಬ್ಬ, ನಡುವೆ 40 ಸೆಂಟಿಮೀಟರ್ ಎತ್ತರದವರೆಗಿನ ಅಡ್ಡಹಲಗೆಗಳು. ಹಲಗೆ ಬಂದಾಗ ಸವಾರ ಓಡುತ್ತಲೇ ಇಳಿದು, ಸೈಕಲ್ಲನ್ನು ಎತ್ತಿ ದಾಟಿ, ಮತ್ತೆ ಹಾರಿ ಕೂರಬೇಕು. ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ತೋಟದ ದಣಪೆ ದಾಟಿಸಿ, ಮಳೆಗಾಲದ ಹಳ್ಳದ ಮೇಲಿನ ಕಾಲುಸಂಕದಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಶಾಲೆಗೆ ಹೋದವರು ನಾವು. ನಮಗೆ ಪದಕ ಯಾರೂ ಕೊಡಲಿಲ್ಲ, ತಡವಾಗಿ ಬಂದದ್ದಕ್ಕೆ ಬೆತ್ತದ ಏಟು ಸಿಕ್ಕಿತು.

ಹೆಗಲ ಮೇಲೆ ಹೊರುವ ಸೈಕಲ್ಲೆಂದ ಮೇಲೆ ಚೌಕಟ್ಟಿನ ತ್ರಿಕೋನ ಖಾಲಿ ಇರಬೇಕು. ಆದ್ದರಿಂದ ಅಲ್ಲಿ ನೀರಿನ ಬಾಟಲಿಯ ಕೊಂಡಿ ಇಲ್ಲ. ಮೇಲಿನ ಕೊಳವೆಯ ಅಡಿಭಾಗವನ್ನು ಹೆಗಲಿಗೆ ಒತ್ತದಂತೆ ಕೊಂಚ ಚಪ್ಪಟೆ ಮಾಡಿದ್ದಾರೆ. ಬ್ರೇಕು, ಗಿಯರುಗಳ ತಂತಿಗಳು ಅದರ ಬೆನ್ನಿನ ಮೇಲೆ ಹೋಗುತ್ತವೆ, ಕೆಸರೂ ತಾಗದು, ಹೆಗಲೂ ತಾಗದು. ಪೆಡಲ್ಲಿನ ಅಚ್ಚು ಟೂರಿಂಗ್ ಸೈಕಲ್ಲಿನದಕ್ಕಿಂತ ಎರಡು ಸೆಂಟಿಮೀಟರ್ ಎತ್ತರದಲ್ಲಿದೆ, ಬೇರುಗಳ ಮೇಲೆ ತುಳಿಯುವಾಗ ಆ ಎರಡು ಸೆಂಟಿಮೀಟರಿನ ಬೆಲೆ ತಿಳಿಯುತ್ತದೆ. ಸ್ಪರ್ಧೆಯ ನಿಯಮದಲ್ಲಿ ಟೈರು 33 ಮಿಲಿಮೀಟರ್ ಅಗಲ ಮೀರುವಂತಿಲ್ಲ. ನಾನು ಯಾರೊಡನೆಯೂ ಪಂದ್ಯ ಕಟ್ಟದವನಾದ್ದರಿಂದ 40ರದು ಹಾಕಿಸಿದ್ದೇನೆ. ಟೈರಿಗಿಂತಲೂ ಮುಖ್ಯವಾದದ್ದು ಅದರ ಎರಡೂ ಬದಿ ಉಳಿಯುವ ಜಾಗ. ಬಿದನೂರು ನಗರ, ಕವಲೇದುರ್ಗದ ಕಡೆಯ ತೋಟದ ದಾರಿಗಳಲ್ಲಿ ಪುಷ್ಯ ಮಳೆ ಹಿಡಿದಾಗ, ಕೆಂಪು ಜೇಡಿ ಹುಲ್ಲಿನೊಂದಿಗೆ ಹದವಾಗಿ ಕಲೆತು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಜಾಗವಿಲ್ಲದ ಸೈಕಲ್ಲಿನ ಚಕ್ರ ತಿರುಗುವುದೇ ಇಲ್ಲ. ನಿಂತು ಕಡ್ಡಿಯಿಂದ ಕೆರೆಯೋಣವೆಂದರೆ ಅಷ್ಟರಲ್ಲಿ ಇಂಬಳಗಳು ಕಾಲು ಹತ್ತಿರುತ್ತವೆ.

ಇಲ್ಲಿ ನನ್ನದೊಂದು ಪೆದ್ದುತನವನ್ನೂ ಹೇಳಬೇಕು. ಸ್ಪರ್ಧೆಯ ಚಿತ್ರಗಳಲ್ಲಿ ಕಂಡ ಹಾಗೆ ಮಡ್‌ಗಾರ್ಡ್ ಇಲ್ಲದ, ಅದನ್ನು ಸಿಕ್ಕಿಸುವ ಕಿವಿಗಳೂ ಇಲ್ಲದ ಚೌಕಟ್ಟು ಬೇಕೆಂದು ಹಟ ಹಿಡಿದೆ. ಕಟ್ಟುವವರು ಒಮ್ಮೆ ಬೇಡವೆಂದರು, ಎರಡನೆಯ ಸಲ ಸುಮ್ಮನಾದರು. ಮೊದಲ ಜಡಿಮಳೆಯಲ್ಲೇ ಬೆನ್ನಿನ ಉದ್ದಕ್ಕೂ ಕೆಂಪು ಪಟ್ಟೆ ಎಳೆದುಕೊಂಡು ಮನೆಗೆ ಬಂದಾಗ ಹೆಂಡತಿ ಹಿತ್ತಿಲ ಬಾಗಿಲಲ್ಲೇ ತಡೆದು, ಬಾವಿಕಟ್ಟೆ ತೋರಿಸಿದಳು. ಆಮೇಲೆ ಕಿವಿಗಳನ್ನು ಬೆಸೆಸಿದ್ದಾಯಿತು, ಅದಕ್ಕಾಗಿ ಸುಟ್ಟುಹೋದ ಬಣ್ಣವನ್ನು ಮತ್ತೆ ಹೊಡೆಸಿದ್ದಾಯಿತು. ಉಕ್ಕಾದ್ದರಿಂದ ಇಷ್ಟಾದರೂ ಸಾಧ್ಯವಾಯಿತು. ಕಾರ್ಬನ್ ನಾರಿನ ಚೌಕಟ್ಟಾಗಿದ್ದರೆ ಬೆಸುಗೆಯ ಮಾತೇ ಇಲ್ಲ.

ನಮ್ಮಲ್ಲಿ ಉಕ್ಕಿನ ಶತ್ರು ಹೊರಗಿನ ಗೀರಲ್ಲ, ಕೊಳವೆಯೊಳಗೆ ನಿಂತ ನೀರು. ಪೆಡಲ್ಲಿನ ಅಚ್ಚು ಕೂರುವ ಗೂಡಿನ ತಳದಲ್ಲಿ ಒಂದು ಸಣ್ಣ ತೂತು ಇರಲೇಬೇಕು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಕೊಳವೆಗಳೊಳಗೆ ಅಗಸೆ ಎಣ್ಣೆ ಸುರಿದು ಹೊರಳಾಡಿಸಿ ಬಸಿಯುತ್ತೇನೆ, ಅದು ಒಣಗಿ ಪದರ ಕಟ್ಟುತ್ತದೆ. ಸೀಟಿನ ಕಂಬವನ್ನು ಕಿತ್ತು ಗ್ರೀಸು ಹಚ್ಚುತ್ತೇನೆ, ಇಲ್ಲವಾದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ.

ಖರ್ಚಿನ ಮಾತನ್ನು ಮುಚ್ಚಿಡುವುದಿಲ್ಲ. ಚೌಕಟ್ಟೊಂದಕ್ಕೇ 60,000 ರೂಪಾಯಿ ಕೊಟ್ಟೆ, ಉಳಿದ ಸಾಮಗ್ರಿಗೆ ಹೆಚ್ಚುಕಡಿಮೆ ಅಷ್ಟೇ ಆಯಿತು, ಮತ್ತು ಎಂಟು ತಿಂಗಳು ಕಾದೆ. ನಿಮ್ಮ ಎತ್ತರ, ಕೈಕಾಲಿನ ಅಳತೆ ನಡುಮಟ್ಟದ್ದಾದರೆ ಅಂಗಡಿಯ ಸೈಕಲ್ಲೇ ಸಾಕು. ಉಳಿದ ಹಣದಲ್ಲಿ ಸಣ್ಣ ಗಿಯರು, ಒಳ್ಳೆಯ ಬ್ರೇಕು ಹಾಕಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಕಟ್ಟಿಸಿದ್ದನ್ನು ಮಾರುವುದೂ ಕಷ್ಟ, ಎರವಲು ಕೊಡುವುದೂ ಕಷ್ಟ. ಆರಡಿ ಎತ್ತರದ ನನ್ನ ಅಳಿಯ ಒಮ್ಮೆ ಹತ್ತಿ ನೋಡಿ, ಮೊಣಕಾಲು ಹ್ಯಾಂಡಲ್ಲಿಗೆ ಬಡಿದು, ಮರ್ಯಾದೆಯಿಂದ ಇಳಿದರು.

ದಾರಿಯಲ್ಲಿ ಚಹಾಕ್ಕೆ ನಿಂತ ಕಡೆಯೆಲ್ಲ ಜನ ಬೆಲೆ ಕೇಳುತ್ತಾರೆ, ಆಮೇಲೆ ಕೆಳಗೆ ಬಗ್ಗಿ ನೋಡಿ, ಇದಕ್ಕೆ ಸ್ಟ್ಯಾಂಡ್ ಯಾಕಿಲ್ಲ ಎಂದು ಕೇಳುತ್ತಾರೆ. ಸಾಮಾನ್ಯ ಸ್ಟ್ಯಾಂಡನ್ನು ಬೋಲ್ಟು ಬಿಗಿದು ಕೂರಿಸಿದರೆ ತೆಳುಗೋಡೆಯ ಕೊಳವೆ ನುಜ್ಜಾಗುತ್ತದೆ. ಅದಕ್ಕೆಂದೇ ಒಂದು ತಗಡನ್ನು ಕಟ್ಟುವಾಗಲೇ ಬೆಸೆಸಿಕೊಳ್ಳಬೇಕಿತ್ತು. ಹಲ್ಲುಗಳನ್ನೂ ಮಿಲಿಮೀಟರುಗಳನ್ನೂ ಇಷ್ಟೆಲ್ಲ ಲೆಕ್ಕ ಹಾಕಿದವನಿಗೆ ಆ ತಗಡು ಮರೆತುಹೋಗಿತ್ತು. ಈ ಬೇಸಿಗೆಯಲ್ಲಿ ಟೂರಿಂಗ್ ಸೈಕಲ್ಲನ್ನು ಮತ್ತೆ ಆ ಶೆಡ್ಡಿಗೆ ಕಳಿಸುವವನಿದ್ದೇನೆ. ಅಲ್ಲಿಯವರೆಗೆ ಅದು ಅಡಕೆಮರಕ್ಕೋ ಚಹಾದಂಗಡಿಯ ಗೋಡೆಗೋ ಒರಗಿಕೊಂಡೇ ಇರುತ್ತದೆ.

ನಮಸ್ಕಾರ.