ಕ್ಷಮೆ ಕೇಳುವುದಕ್ಕೂ ಮೊದಲೇ ಎದ್ದು ನಿಂತವರು

ಕೆನಡಾದ ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳು ಅಂದ ಕೂಡಲೇ ಬರುವುದು ಸಮಾಧಿಗಳ ಮಾತು. 2021ರಲ್ಲಿ ಕ್ಯಾಮ್ಲೂಪ್ಸ್‌ನಿಂದ ಬಂದ, ಅಲ್ಲಿಯ ಹಳೇ ವಸತಿ ಶಾಲೆಯ ಜಾಗದಲ್ಲಿ ಮಕ್ಕಳ ಗುರುತಿಲ್ಲದ ಸಮಾಧಿಗಳಿರಬಹುದು ಎಂಬ ಸುದ್ದಿ ನಿಮ್ಮಲ್ಲಿ ಎಷ್ಟೋ ಜನ ಓದಿರುತ್ತೀರಿ. ತೀರಿಕೊಂಡ ಮಕ್ಕಳಿಗಾಗಿ ಅಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ನನಗೆ ಬದುಕಿ ಬಂದವರ ಬಗ್ಗೆ ಮಾತಾಡಬೇಕು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ಮನೆಯಿಂದ ದೂರ ಮಾಡಿ, ಸರ್ಕಾರ ಮತ್ತು ಚರ್ಚುಗಳು ಸೇರಿ ನಡೆಸುತ್ತಿದ್ದ ಆ ಶಾಲೆಗಳಿಗೆ ತುಂಬಿದರು. ಅವರಲ್ಲಿ ಜಾಸ್ತಿ ಜನ ಬದುಕಿ ಮನೆಗೆ ಬಂದರು. ಬಂದ ಮೇಲೆ ಹೇಗೆ ಬಾಳಿದರು?

ಕಿತ್ತಳೆ ಅಂಗಿಯ ಕಥೆ ಕೇಳಿದ್ದೀರಾ? 1973. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ. ಆರು ವರ್ಷದ ಫಿಲಿಸ್ ವೆಬ್‌ಸ್ಟಾಡ್‌ಗೆ ಅಜ್ಜಿ ಹೊಸ ಅಂಗಿ ಕೊಡಿಸಿದ್ದರು, ಮುಂದೆ ದಾರ ಕಟ್ಟುವಂಥದ್ದು, ಹೊಳೆಯುವ ಕಿತ್ತಳೆ ಬಣ್ಣ. ವಿಲಿಯಮ್ಸ್ ಲೇಕ್ ಹತ್ತಿರದ ಸೇಂಟ್ ಜೋಸೆಫ್ಸ್ ಮಿಷನ್ ಶಾಲೆಗೆ ಕಾಲಿಟ್ಟ ದಿನವೇ ಬಟ್ಟೆ ಬಿಚ್ಚಿಸಿದರು. ಆ ಅಂಗಿ ಮತ್ತೆ ಸಿಗಲಿಲ್ಲ.

ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಬಹಳ. ಮುಂದೆ ಕೇಳಿ. ಹದಿನಾಲ್ಕು ತುಂಬುವ ಮೊದಲೇ ಫಿಲಿಸ್ ತಾಯಿಯಾದರು. ಅವರ ಅಮ್ಮ, ಅಜ್ಜಿ ಇಬ್ಬರೂ ಹತ್ತತ್ತು ವರ್ಷ ಅಂಥ ಶಾಲೆಯಲ್ಲೇ ಇದ್ದವರು. ಹಾಗಾಗಿ ತಾಯಿ ಅಂದರೆ ಹೇಗಿರಬೇಕು ಅನ್ನುವುದೇ ತನಗೆ ಗೊತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಸ್ವಲ್ಪ ಯೋಚನೆ ಮಾಡಿ. ತಾಯ್ತನವನ್ನು ಯಾರೂ ಪುಸ್ತಕ ನೋಡಿ ಕಲಿಯುವುದಿಲ್ಲ. ಅಮ್ಮ ತಲೆ ಬಾಚಿದ್ದು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು, ಬೈದ ಮೇಲೂ ಊಟಕ್ಕೆ ಕರೆದದ್ದು, ಇದೆಲ್ಲ ನಮಗೆ ಸಿಕ್ಕಿತ್ತು, ಅದಕ್ಕೇ ನಮ್ಮ ಮಕ್ಕಳಿಗೂ ಸಲೀಸಾಗಿ ಮಾಡುತ್ತೇವೆ, ಅಲ್ವಾ? ಮೂರು ತಲೆಮಾರಿಗೆ ಅದು ಸಿಗಲೇ ಇಲ್ಲ ಅಂದರೆ? ಫಿಲಿಸ್ ಒಬ್ಬ ಚಿಕ್ಕಮ್ಮನ ಆಸರೆಯಲ್ಲಿ ಮಗನನ್ನು ಬೆಳೆಸಿದರು. 27ನೇ ವಯಸ್ಸಿನಲ್ಲಿ, ಮನಸ್ಸಿನ ಗಾಯ ಮಾಯಲೆಂದು ಒಂದು ಚಿಕಿತ್ಸಾ ಕೇಂದ್ರಕ್ಕೆ ಹೋದರು. ಅಂಗಿಯ ಕಥೆ ದೇಶಕ್ಕೆ ಗೊತ್ತಾಗಿದ್ದು ಅದೆಷ್ಟೋ ವರ್ಷದ ಮೇಲೆ, 2013ರಲ್ಲಿ.

ಅದೇ ಸೀಮೆಯಲ್ಲಿ ಆಲ್ಕಲೈ ಲೇಕ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿಯ ಮಕ್ಕಳೂ ಹೋಗುತ್ತಿದ್ದದ್ದು ಅದೇ ಮಿಷನ್ ಶಾಲೆಗೆ. ಮರಳಿ ಬಂದವರು ಕುಡಿತಕ್ಕೆ ಬಿದ್ದರು, ಊರಿಗೆ ಊರೇ. ಸುತ್ತಮುತ್ತಲಿನವರು ಅದನ್ನು ಆಲ್ಕೋಹಾಲ್ ಲೇಕ್ ಎಂದು ಆಡಿಕೊಂಡರು. ಯಾಕೆ ಕುಡಿಯುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. 1972ರಲ್ಲಿ ಒಂದು ದಿನ ಫಿಲಿಸ್ ಚೆಲ್ಸಿ (ಇವರ ಹೆಸರೂ ಫಿಲಿಸ್ ಅಂತಲೇ) ಅಜ್ಜಿ ಮನೆಯಲ್ಲಿ ಬಿಟ್ಟಿದ್ದ ಮಕ್ಕಳನ್ನು ಕರೆತರಲು ಹೋದರು. ಏಳು ವರ್ಷದ ಮಗಳು ಬರುವುದಿಲ್ಲ ಎಂದಳು. ನೀವಿಬ್ಬರೂ ಕುಡಿಯುತ್ತೀರಿ, ನಾನು ಬರುವುದಿಲ್ಲ. ಅಷ್ಟೇ. ಫಿಲಿಸ್ ಅವತ್ತೇ ಕುಡಿತ ಬಿಟ್ಟರು. ಕೆಲವೇ ದಿನಗಳಲ್ಲಿ ಗಂಡ ಆ್ಯಂಡಿಯೂ ಬಿಟ್ಟರು. ಬಹಳ ಕಾಲ ಊರಲ್ಲಿ ಹಾಗೆ ಬಿಟ್ಟವರು ಬೆರಳೆಣಿಕೆಯಷ್ಟು ಮಂದಿ.

ಆಮೇಲೆ ಆ ಊರು ಮಾಡಿದ ಒಂದು ಕೆಲಸ ನನ್ನ ಮನಸ್ಸಿಂದ ಹೋಗುವುದೇ ಇಲ್ಲ. ಯಾರಾದರೂ ಕುಡಿತ ಬಿಡಿಸುವ ಚಿಕಿತ್ಸೆಗೆ ಹೋದರೆ, ಅವರು ವಾಪಸ್ ಬರುವಷ್ಟರಲ್ಲಿ ಊರಿನವರು ಸೇರಿ ಅವರ ಮನೆ ರಿಪೇರಿ ಮಾಡಿ, ಬಣ್ಣ ಬಳಿದು ಇಡುತ್ತಿದ್ದರು. ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದರು. ಹಳೇ ಮನೆಗೆ ಬಂದರೆ ಹಳೇ ಚಟಕ್ಕೇ ಬೀಳುತ್ತಾರೆ ಅಂತ ಅವರಿಗೆ ಗೊತ್ತಿತ್ತು. 1980ರ ದಶಕದ ನಡುವಿನ ಹೊತ್ತಿಗೆ ನೂರಕ್ಕೆ 95 ಮಂದಿ ಕುಡಿತ ಬಿಟ್ಟಿದ್ದರು ಎಂಬುದು ಆ ಊರಿನ ಲೆಕ್ಕ.

ಕುಡಿತ ಬಿಟ್ಟ ಕೂಡಲೇ ಎಲ್ಲ ಸರಿಹೋಯಿತು ಅನ್ನಬೇಡಿ. ಹೆಂಡ ಮುಚ್ಚಿಟ್ಟಿದ್ದ ನೋವು ಆಗ ಮೇಲೆ ಬಂತು. ಶಾಲೆಯಲ್ಲಿ ಮೈಮೇಲೆ ನಡೆದ ದೌರ್ಜನ್ಯವನ್ನು ಜನ ಬಾಯಿಬಿಟ್ಟು ಹೇಳತೊಡಗಿದ್ದು ಆಮೇಲೆಯೇ.

ಕೆನಡಾದ ಆಗಿನ ಪ್ರಧಾನಿ ಸ್ಟೀಫನ್ ಹಾರ್ಪರ್ ಈ ಶಾಲೆಗಳಿಗಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಯಾವಾಗ ಗೊತ್ತಾ? 2008ರ ಜೂನ್ 11. ಫಿಲಿಸ್ ಚೆಲ್ಸಿ ಬಾಟಲಿ ಕೆಳಗಿಟ್ಟು 36 ವರ್ಷ ಆಗಿತ್ತು! ಅದಕ್ಕೇ, ಸರ್ಕಾರ ಕ್ಷಮೆ ಕೇಳಿತು, ದುಡ್ಡು ಕೊಟ್ಟಿತು, ಇನ್ನೇನು ಬೇಕಂತೆ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ದುಡ್ಡು ಹೇಗೆ ಕೊಟ್ಟರು ನೋಡಿ. ಶಾಲೆಯಲ್ಲಿದ್ದ ಮೊದಲ ವರ್ಷಕ್ಕೆ 10,000 ಡಾಲರ್, ಆಮೇಲಿನ ಪ್ರತಿ ವರ್ಷಕ್ಕೆ 3,000. ದೌರ್ಜನ್ಯಕ್ಕೆ ಬೇರೆ ಪರಿಹಾರ ಬೇಕೆಂದರೆ, ಗೊತ್ತಿಲ್ಲದ ಅಧಿಕಾರಿಯ ಎದುರು ಕೂತು ಬಾಲ್ಯದ ಒಂದೊಂದು ಘಟನೆಯನ್ನೂ ಬಿಡಿಸಿ ಹೇಳಬೇಕಿತ್ತು. ಅದಕ್ಕೆ ಅಂಕಗಳ ಪಟ್ಟಿ ಇತ್ತು. ಇಂಥದ್ದಕ್ಕೆ ಇಷ್ಟು ಅಂಕ, ಇಷ್ಟು ಅಂಕಕ್ಕೆ ಇಷ್ಟು ಹಣ. 38,000ಕ್ಕೂ ಹೆಚ್ಚು ಅರ್ಜಿಗಳು ಬಂದವು. ಹಣ ಅವರ ಹಕ್ಕು, ಸಿಗಲೇಬೇಕಿತ್ತು. ಆದರೆ ಬದುಕು ಕಟ್ಟಿಕೊಟ್ಟದ್ದು ಆ ಚೆಕ್ ಅಲ್ಲ.

ಕೆನಡಾದಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಒಂದು ಮಾತು. ಫಿಲಿಸ್ ವೆಬ್‌ಸ್ಟಾಡ್ ಕಥೆಯಿಂದ ಹುಟ್ಟಿದ ಕಿತ್ತಳೆ ಅಂಗಿ ದಿನ, ಸೆಪ್ಟೆಂಬರ್ 30, ಹತ್ತಿರ ಬಂದರೆ ನಿಮ್ಮ ಮಗುವೂ ಕಿತ್ತಳೆ ಅಂಗಿ ಹಾಕಿಕೊಂಡು ಶಾಲೆಗೆ ಹೊರಡುತ್ತದೆ. ಅಂಗಿ ಕಿತ್ತುಕೊಂಡ ಕಥೆಯನ್ನು ಟೀಚರ್ ಹೇಳುತ್ತಾರೆ. ಸಂಜೆ ಊಟಕ್ಕೆ ಕೂತಾಗ, ಆಲ್ಕಲೈ ಲೇಕ್‌ನಲ್ಲಿ ಪಕ್ಕದ ಮನೆಯವರ ಗೋಡೆಗೆ ಬಣ್ಣ ಬಳಿದವರ ಕಥೆಯನ್ನು ನೀವು ಹೇಳಿ.