ಸಾಕಿದ ಹಕ್ಕಿ ಪುಕ್ಕ ಕಿತ್ತುಕೊಳ್ಳುತ್ತಿದೆಯಾ? ಮೊದಲು ತಲೆ ನೋಡಿ

[ತೆರೆ ಮೇಲೆ: ಕಾಕಟೀಲ್ ಎಂಬ ಜುಟ್ಟಿನ ಸಣ್ಣ ಗಿಳಿ, ತೀರಾ ಹತ್ತಿರದಿಂದ]

ನಮಸ್ಕಾರ ರೀ, ವಿಜಯಪುರದಿಂದ ಮಾತಾಡ್ತಿದ್ದೇನೆ. ಯಾರೋ ಸಾಕಿ ಬಿಟ್ಟುಹೋದ ಹಕ್ಕಿ ಇದು. ಎದೆ ನೋಡಿ, ಗುಲಾಬಿ ಚರ್ಮ ಕಾಣ್ತಿದೆ, ಅಲ್ಲಲ್ಲಿ ಬೂದು ತುಪ್ಪಳ ಅಷ್ಟೇ ಉಳಿದಿದೆ. ಈಗ ತಲೆ ನೋಡಿ. ಜುಟ್ಟು ಸಮೇತ ಎಲ್ಲ ಗರಿ ಸರಿಯಾಗಿವೆ, ಅಲ್ವಾ? ಕೊಕ್ಕು ತನ್ನ ತಲೆಗೆ ಎಟುಕುವುದಿಲ್ಲ. ಅಂದರೆ ಇದು ತಾನೇ ಕಿತ್ತುಕೊಳ್ಳುತ್ತಿದೆ. ತಲೆಯೂ ಬೋಳಾಗಿದ್ದರೆ ಜೊತೆಗಿರುವ ಹಕ್ಕಿ ಕೀಳುತ್ತಿರಬಹುದು, ಇಲ್ಲವೇ ರೋಗ ಇರಬಹುದು. ಗಿಳಿ ಜಾತಿಯಲ್ಲಿ ಗರಿ, ಕೊಕ್ಕು ಎರಡನ್ನೂ ಕೆಡಿಸುವ ಅಂಟುವ ವೈರಸ್ ಒಂದಿದೆ. ಅದಕ್ಕೇ ಹೊಸದಾಗಿ ತಂದ ಹಕ್ಕಿಯನ್ನು ಹಳೆಯವುಗಳ ಜೊತೆ ತಕ್ಷಣ ಬಿಡಬೇಡಿ.

ಹಳೇ ಗರಿ ಉದುರಿ ಹೊಸದು ಬರುವುದು ಬೇರೆ ವಿಷಯ. ಆಗ ಚರ್ಮ ಹೀಗೆ ಬೋಳಾಗುವುದಿಲ್ಲ.

ಜನ ಇದನ್ನು ಚಟ ಅಂತಾರೆ. ನಾನು ಒಪ್ಪಲ್ಲ. ಹಕ್ಕಿಗೆ ಏನೋ ಆಗುತ್ತಿದೆ, ಅದು ಹೀಗೆ ಹೊರಗೆ ಬರ್ತಿದೆ. ಚರ್ಮದ ಸೋಂಕು, ಹೊಟ್ಟೆಯ ಪರೋಪಜೀವಿ, ಲಿವರ್ ತೊಂದರೆ, ಸತು ಲೇಪಿಸಿದ ಪಂಜರದ ತಂತಿ ಕಚ್ಚಿ ಮೈಗೇರಿದ ವಿಷ, ಇವೆಲ್ಲ ಕಾರಣ ಆಗಬಹುದು. ಹಾಗಾಗಿ ಮೊದಲು ಡಾಕ್ಟರ್, ಆಮೇಲೆ ಆಟಿಕೆ. ಹಕ್ಕಿ ನೋಡಿ ಅನುಭವ ಇರುವವರನ್ನೇ ಕೇಳಿಕೊಂಡು ಹೋಗಿ, ಹಿಕ್ಕೆಯನ್ನೂ ಒಯ್ಯಿರಿ. ಮತ್ತೆ ದಯವಿಟ್ಟು ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಹಚ್ಚಬೇಡಿ. ಉಳಿದ ಗರಿಯೂ ಜಿಡ್ಡಾಗಿ ಮೈ ಬೆಚ್ಚಗಿಡುವ ಶಕ್ತಿ ಕಳೆದುಕೊಳ್ಳುತ್ತದೆ.

[ತೆರೆ ಮೇಲೆ: ಎರಡು ತಟ್ಟೆ, ಒಂದರಲ್ಲಿ ಬರೀ ಕಾಳು, ಇನ್ನೊಂದರಲ್ಲಿ ಸೊಪ್ಪು]

ಇಂಥ ಹಕ್ಕಿಗಳು ಎಷ್ಟೋ ಸಲ ಬರೀ ಸೂರ್ಯಕಾಂತಿ, ಕುಸುಬಿ ಕಾಳು ತಿಂದೇ ಬೆಳೆದಿರುತ್ತವೆ. ಕೊಬ್ಬು ಜಾಸ್ತಿ, ಎ ವಿಟಮಿನ್ ಕಡಿಮೆ. ಚರ್ಮ ಒಣಗುತ್ತದೆ. ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪು, ತುರಿದ ಗಜ್ಜರಿ ಕೊಡಿ. ಆದರೆ ಕಾಳು ಒಮ್ಮೆಲೇ ನಿಲ್ಲಿಸಬೇಡಿ, ಗೊತ್ತಿಲ್ಲದ ತಿಂಡಿ ಮುಟ್ಟದೆ ಉಪವಾಸ ಬೀಳುವ ಹಕ್ಕಿಗಳಿವೆ. ಬೆಣ್ಣೆಹಣ್ಣು, ಚಾಕೊಲೇಟ್ ಅಂತೂ ವಿಷ.

ಕಾಡಿನ ಗಿಳಿಗೆ ದಿನದ ದೊಡ್ಡ ಪಾಲು ತಿಂಡಿ ಹುಡುಕುವುದರಲ್ಲೇ ಹೋಗುತ್ತದೆ. ಪಂಜರದಲ್ಲಿ ಬಟ್ಟಲು ಖಾಲಿ ಆದಮೇಲೆ ಏನು ಮಾಡಬೇಕು ಅದು? ಕೈಗೆ, ಅಲ್ಲ, ಕೊಕ್ಕಿಗೆ ಸಿಗೋದು ತನ್ನದೇ ಗರಿ. ಔಷಧಿ ಹೊಡೆಯದ ಜೋಳದ ದಂಟು, ಗೋವಿನಜೋಳದ ಸಿಪ್ಪೆ ಪಂಜರಕ್ಕೆ ಕಟ್ಟಿ. ಕಾಳನ್ನು ಕಾಗದದಲ್ಲಿ ಸುತ್ತಿ ಕೊಡಿ, ಬಿಚ್ಚಿ ತಿನ್ನಲಿ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ತುಂತುರು ನೀರು ಹಾಕಿ, ಸಂಜೆಯೊಳಗೆ ಮೈ ಒಣಗಲಿ. ರಾತ್ರಿ 10ರಿಂದ 12 ತಾಸು ಕತ್ತಲು, ನಿದ್ದೆ ಬೇಕು. ಟಿವಿ ಪಕ್ಕ ಪಂಜರ ಇಟ್ಟರೆ ಅದು ಸಿಗಲ್ಲ.

ಕೀಳುವಾಗ ಗದರಬೇಡಿ, ಓಡಿಯೂ ಬರಬೇಡಿ. ಕಿತ್ತರೆ ಮನೆಯವರು ಬರ್ತಾರೆ ಅಂತ ಅದು ಕಲಿಯುತ್ತದೆ. ಸುಮ್ನೆ ಆಡುತ್ತಿರುವಾಗ ಹೋಗಿ ಮಾತಾಡಿಸಿ.

ಇನ್ನೊಂದು, ನಮ್ಮ ಊರಿನ ಹಸಿರು ಗಿಳಿ ಸಿಕ್ಕಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಅರಣ್ಯ ಇಲಾಖೆಗೆ ತಿಳಿಸಿ.

ವರ್ಷಗಟ್ಟಲೆ ಕಿತ್ತಿದ್ದರೆ ಗರಿಯ ಬೇರೇ ಸತ್ತಿರಬಹುದು, ಆ ಜಾಗ ಬೋಳಾಗಿಯೇ ಉಳಿಯಬಹುದು. ಅದಕ್ಕೆ ಹಕ್ಕಿಯನ್ನು ಕೈಬಿಡಬೇಡಿ. ವಾರಕ್ಕೊಮ್ಮೆ ಅದೇ ಜಾಗದ ಫೋಟೋ ತೆಗೆದಿಡಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ. ಚರ್ಮವನ್ನೇ ಕಚ್ಚಿ ರಕ್ತ ಬರುತ್ತಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.